ಡಿವಿಡೆಂಡ್ ದುಡ್ಡು ಬರುವ ದಾರಿ

2022-23ನೇ ಹಣಕಾಸು ವರ್ಷದಲ್ಲಿ ವೇದಾಂತ ಕಂಪನಿ ಐದು ಸಲ ಡಿವಿಡೆಂಡ್ ಘೋಷಿಸಿತು. ಎಲ್ಲ ಸೇರಿ ಒಂದು ಷೇರಿಗೆ 101 ರೂಪಾಯಿ 50 ಪೈಸೆ. ಆ ವರ್ಷದ ಏಪ್ರಿಲ್‌ನಲ್ಲಿ ಷೇರಿನ ಬೆಲೆ 400 ರೂಪಾಯಿ ಚಿಲ್ಲರೆ ಇತ್ತು. ಅಂದರೆ ನೂರು ರೂಪಾಯಿ ಹಾಕಿದವರಿಗೆ ವರ್ಷದೊಳಗೇ ಇಪ್ಪತ್ತೈದು ರೂಪಾಯಿ ಕೈಗೆ ಬಂತು. ಬ್ಯಾಂಕ್ ಠೇವಣಿಗೆ ಆರೋ ಏಳೋ ಸಿಗುತ್ತಿದ್ದ ಕಾಲ ಅದು. 'ಅತಿ ಹೆಚ್ಚು ಡಿವಿಡೆಂಡ್ ಕೊಡುವ ಹತ್ತು ಷೇರುಗಳು' ಎಂಬ ಪಟ್ಟಿಗಳಲ್ಲೆಲ್ಲ ಈ ಹೆಸರು ಮೇಲ್ಗಡೆಯೇ ಇರುತ್ತಿತ್ತು. ನಿವೃತ್ತಿಯ ಹಣ ಕೈಗೆ ಬಂದವರು 'ಇದಕ್ಕಿಂತ ಇನ್ನೇನು ಬೇಕು' ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅಷ್ಟು ಹಣ ಬಂದದ್ದೆಲ್ಲಿಂದ? ಆ ವರ್ಷ ಕಂಪನಿ ಹಂಚಿದ ಮೊತ್ತ 37 ಸಾವಿರ ಕೋಟಿ ರೂಪಾಯಿ ದಾಟಿತ್ತು. ಷೇರುದಾರರ ಪಾಲಿಗೆ ಬಂದ ಲಾಭವಾದರೋ ಸುಮಾರು 10,600 ಕೋಟಿ. ಗಳಿಸಿದ್ದರ ಮೂರು ಪಟ್ಟಿಗೂ ಮಿಕ್ಕಿ ಹಂಚಿದ್ದರು! ಮಾರ್ಚ್ 2022ರಲ್ಲಿ 21 ಸಾವಿರ ಕೋಟಿಯಷ್ಟಿದ್ದ ನಿವ್ವಳ ಸಾಲ ಒಂದೇ ವರ್ಷದಲ್ಲಿ 45 ಸಾವಿರ ಕೋಟಿ ಮುಟ್ಟಿತು. ಇಷ್ಟು ಆತುರಕ್ಕೆ ಕಾರಣ ಲಂಡನ್ನಿನಲ್ಲಿತ್ತು. ವೇದಾಂತದ ಸುಮಾರು ಶೇ 70ರಷ್ಟು ಷೇರು ಅಲ್ಲಿನ ಮಾತೃಸಂಸ್ಥೆ ವೇದಾಂತ ರಿಸೋರ್ಸಸ್ ಕೈಯಲ್ಲಿತ್ತು, ಅದರ ತಲೆಯ ಮೇಲೆ ತೀರಿಸಲೇಬೇಕಾದ ದೊಡ್ಡ ಸಾಲವಿತ್ತು. ಇಲ್ಲಿ ಹಂಚಿದ ಪ್ರತಿ ನೂರು ರೂಪಾಯಿಯಲ್ಲಿ ಎಪ್ಪತ್ತು ಅಲ್ಲಿಗೆ ಹೋಗುತ್ತಿತ್ತು. ಸಣ್ಣ ಷೇರುದಾರನಿಗೆ ಸಿಕ್ಕಿದ್ದು ಆ ದೊಡ್ಡ ಹರಿವಿನ ಅಂಚಿನ ನೀರು. ಮರುವರ್ಷ ಡಿವಿಡೆಂಡ್ 29 ರೂಪಾಯಿ 50 ಪೈಸೆಗೆ ಇಳಿಯಿತು. 2023ರ ಸೆಪ್ಟೆಂಬರ್ ಹೊತ್ತಿಗೆ ಷೇರಿನ ಬೆಲೆ 210ರ ಆಸುಪಾಸಿಗೆ ಬಂದು ಕೂತಿತು. ಆಮೇಲೆ ಲೋಹಗಳ ಬೆಲೆ ಏರಿ ಷೇರು ಚೇತರಿಸಿಕೊಂಡದ್ದು ಬೇರೆ ಮಾತು. ಆದರೆ 'ತಿಂಗಳ ಖರ್ಚಿಗೆ ಆಗುತ್ತದೆ' ಎಂದು ಕೊಂಡವರಿಗೆ ಚೇತರಿಕೆಯ ತನಕ ಕಾಯುವ ತಾಳ್ಮೆ ಇದ್ದಿರಲಾರದು.

ಡಿವಿಡೆಂಡಿಗಾಗಿ ಷೇರು ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಕಂಪನಿ ಈ ಹಣವನ್ನು ಎಲ್ಲಿಂದ ತಂದು ಕೊಡುತ್ತಿದೆ, ಕೆಟ್ಟ ವರ್ಷದಲ್ಲೂ ತರಬಲ್ಲದೇ? ಎಷ್ಟು ಕೊಡುತ್ತದೆ ಎಂಬುದು ಆಮೇಲಿನ ಮಾತು.

ಶೇಕಡಾ ಲೆಕ್ಕದ ಗೋಜಲು

ಡಿವಿಡೆಂಡ್ ಘೋಷಣೆಯನ್ನು ಶೇಕಡಾವಾರು ಹೇಳುವ ಹಳೆಯ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. ಆ ಶೇಕಡ ಲೆಕ್ಕ ಹಾಕುವುದು ಷೇರಿನ ಮುಖಬೆಲೆಯ ಮೇಲೆ, ನೀವು ಕೊಟ್ಟ ಬೆಲೆಯ ಮೇಲಲ್ಲ. 2024-25ಕ್ಕೆ ಇನ್ಫೊಸಿಸ್ ಕೊಟ್ಟ ಅಂತಿಮ ಡಿವಿಡೆಂಡ್ 22 ರೂಪಾಯಿ. ಮುಖಬೆಲೆ 5 ರೂಪಾಯಿಯಾದ್ದರಿಂದ ಅದು ಶೇ 440. ಕೇಳಿದರೆ ತಲೆ ತಿರುಗುತ್ತದೆ. ಆ ಹೊತ್ತಿಗೆ ಷೇರಿನ ಬೆಲೆ 1,450-1,500ರ ಮಟ್ಟದಲ್ಲಿತ್ತು, ಅಂದರೆ ಕೊಂಡವನ ಲೆಕ್ಕದಲ್ಲಿ ಸುಮಾರು ಶೇ ಒಂದೂವರೆ.

ಮುಖಬೆಲೆ ಬದಲಾದಾಗ ಇದೇ ಲೆಕ್ಕ ಉಲ್ಟಾ ಹೊಡೆಯುತ್ತದೆ. ಕೆನರಾ ಬ್ಯಾಂಕ್ 2023-24ಕ್ಕೆ 16 ರೂಪಾಯಿ 10 ಪೈಸೆ ಕೊಟ್ಟಿತ್ತು, ಮರುವರ್ಷ ಕೊಟ್ಟದ್ದು 4 ರೂಪಾಯಿ. 'ಇಷ್ಟು ಕಡಿಮೆ ಮಾಡಿಬಿಟ್ಟರಲ್ಲ' ಎಂದು ಗೊಣಗಿದವರಿದ್ದಾರೆ. ನಡುವೆ 2024ರ ಮೇ ತಿಂಗಳಲ್ಲಿ 10 ರೂಪಾಯಿ ಮುಖಬೆಲೆಯ ಒಂದು ಷೇರನ್ನು 2 ರೂಪಾಯಿಯ ಐದು ಷೇರುಗಳಾಗಿ ಒಡೆದಿದ್ದರು. ಹಳೆಯ ಲೆಕ್ಕದಲ್ಲಿ 4 ರೂಪಾಯಿ ಅಂದರೆ 20 ರೂಪಾಯಿ. ಕಡಿತ ಎಲ್ಲಿ ಬಂತು, ಏರಿಕೆಯೇ ಆಗಿತ್ತು.

ಇನ್ನೊಂದು ತಪ್ಪು ತಿಳಿವಳಿಕೆ ದಿನಾಂಕದ್ದು. ಡಿವಿಡೆಂಡ್ ಯಾರಿಗೆ ಸಲ್ಲಬೇಕೆಂದು ಗೊತ್ತುಮಾಡುವ ರೆಕಾರ್ಡ್ ಡೇಟಿಗೆ ಒಂದು ದಿನ ಮೊದಲು ಕೊಂಡು, ಡಿವಿಡೆಂಡ್ ಪಡೆದು, ಮರುದಿನ ಮಾರಿಬಿಟ್ಟರೆ ಪುಕ್ಕಟೆ ದುಡ್ಡಲ್ಲವೇ ಎಂದು ಕೇಳುವವರು ಬಹಳ. 500 ರೂಪಾಯಿಯ ಷೇರು 20 ರೂಪಾಯಿ ಡಿವಿಡೆಂಡ್ ಕೊಡುವುದಾದರೆ, ಆ ಹಕ್ಕು ಕಳಚಿದ ಬೆಳಿಗ್ಗೆ ಪೇಟೆ ಅದನ್ನು 480ರ ಸುತ್ತಮುತ್ತ ತೆರೆಯುತ್ತದೆ. ನಿಮ್ಮದೇ 20 ರೂಪಾಯಿ ಎಡಗಿಸೆಯಿಂದ ಬಲಗಿಸೆಗೆ ಬಂದಿರುತ್ತದೆ, ಅದಕ್ಕೆ ತೆರಿಗೆ ಬೇರೆ ಕಟ್ಟಬೇಕು. ಬ್ರೋಕರಿಗೆ ಮಾತ್ರ ಎರಡು ಸಲ ವ್ಯಾಪಾರ.

ಮೊದಲು ಅಂಚೆ ಕಚೇರಿಯ ಲೆಕ್ಕ

ನಿವೃತ್ತ ಮೇಷ್ಟ್ರೊಬ್ಬರು ಒಮ್ಮೆ ನೇರವಾಗಿಯೇ ಕೇಳಿದರು: "ತಿಂಗಳಿಗೆ ಇಪ್ಪತ್ತು ಸಾವಿರ ಬೇಕು ಮಾರಾಯ್ರೇ. ಡಿವಿಡೆಂಡಲ್ಲಿ ಬರ್ತದಾ ಇಲ್ವಾ, ಅಷ್ಟು ಹೇಳಿ."

ಬರುತ್ತದೆ. ಆದರೆ ಎಷ್ಟು ಬಂಡವಾಳಕ್ಕೆ? ನಿಫ್ಟಿಯ ಐವತ್ತು ಕಂಪನಿಗಳ ಸರಾಸರಿ ಡಿವಿಡೆಂಡ್ ಇಳುವರಿ, ಅಂದರೆ ಷೇರಿನ ಬೆಲೆಯ ಮೇಲೆ ವರ್ಷಕ್ಕೆ ಸಿಗುವ ಡಿವಿಡೆಂಡ್, ಈಚಿನ ವರ್ಷಗಳಲ್ಲಿ ಶೇ 1ರಿಂದ 1.5ರ ನಡುವೆಯೇ ಸುಳಿದಾಡಿದೆ. ಆರಿಸಿ ಆರಿಸಿ ಕೊಂಡರೆ ಶೇ 3ರವರೆಗೆ ಎಳೆಯಬಹುದು. ವರ್ಷಕ್ಕೆ 2 ಲಕ್ಷ 40 ಸಾವಿರ ಬೇಕಾದರೆ ಶೇ 3ರಂತೆ 80 ಲಕ್ಷ ರೂಪಾಯಿಯ ಷೇರು ಕೈಯಲ್ಲಿರಬೇಕು. ಅಂಚೆ ಕಚೇರಿಯಲ್ಲಿ ಸಿಗುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ 2023ರ ಏಪ್ರಿಲ್‌ನಲ್ಲಿ ಶೇ 8.2ಕ್ಕೆ ಏರಿತು. ಆ ದರದಲ್ಲಿ ಇದೇ ಆದಾಯಕ್ಕೆ 29 ಲಕ್ಷ ಚಿಲ್ಲರೆ ಸಾಕು, ಅದರ ಮಿತಿಯೂ 30 ಲಕ್ಷ. ಅರವತ್ತೈದು ದಾಟಿದ, ಬೇರೆ ಆದಾಯವಿಲ್ಲದ ಒಬ್ಬರಿಗೆ ಮೊದಲ ಮೂವತ್ತು ಲಕ್ಷವನ್ನು ಷೇರಿಗೆ ಹಾಕಿ ಎಂದು ಯಾರಾದರೂ ಹೇಳಿದರೆ, ಹೇಳಿದವರ ಕಮಿಷನ್ ಎಷ್ಟೆಂದು ಕೇಳುವುದು ಒಳ್ಳೆಯದು.

ಹಾಗಾದರೆ ಡಿವಿಡೆಂಡ್ ಯಾರಿಗೆ, ಯಾತಕ್ಕೆ? ಬಡ್ಡಿ ಬೆಳೆಯುವುದಿಲ್ಲ, ಬೇಳೆ-ಎಣ್ಣೆಯ ದರ ಬೆಳೆಯುತ್ತದೆ. ಬೆಲೆಯೇರಿಕೆ ವರ್ಷಕ್ಕೆ ಶೇ 6ರಂತಾದರೆ ಇವತ್ತಿನ 20 ಸಾವಿರದ ಕಸುವು ಹದಿನೈದು ವರ್ಷದ ಹೊತ್ತಿಗೆ ಎಂಟು ಸಾವಿರ ಚಿಲ್ಲರೆಗೆ ಇಳಿದಿರುತ್ತದೆ. ಒಂದು ಕಂಪನಿ ತನ್ನ ಡಿವಿಡೆಂಡನ್ನು ವರ್ಷಕ್ಕೆ ಶೇ 10ರಂತೆ ಹೆಚ್ಚಿಸುತ್ತ ಹೋದರೆ, ಇವತ್ತು ಹಾಕಿದ ಹಣದ ಮೇಲೆ ಶೇ 3 ಸಿಗುವುದು ಏಳು ವರ್ಷಕ್ಕೆ ಹೆಚ್ಚುಕಡಿಮೆ ಶೇ 6, ಹದಿನೈದು ವರ್ಷಕ್ಕೆ ಶೇ 12 ದಾಟುತ್ತದೆ. ಆದ್ದರಿಂದ ಇದು ನಲವತ್ತರ ಆಸುಪಾಸಿನಲ್ಲಿ ಶುರುಮಾಡಿ ಅರವತ್ತರಲ್ಲಿ ಉಣ್ಣುವ ಲೆಕ್ಕಾಚಾರ. ಅರವತ್ತಕ್ಕೆ ಶುರುಮಾಡಿ ಅರವತ್ತೊಂದಕ್ಕೆ ಉಣ್ಣಲು ಹೊರಟವರೇ ಶೇ 25ರ ಆಮಿಷಕ್ಕೆ ಬೀಳುವುದು.

ಕೋಲ್ ಇಂಡಿಯಾದ ಹದಿನೈದು ವರ್ಷ

ಕಾಯುವುದರ ಜೊತೆಗೆ ಕೊಂಡ ಬೆಲೆಯೂ ಎಷ್ಟು ಮುಖ್ಯ ಅನ್ನುವುದಕ್ಕೆ ಕೋಲ್ ಇಂಡಿಯಾಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಸರ್ಕಾರ 2010ರ ಅಕ್ಟೋಬರ್‌ನಲ್ಲಿ ಇದರ ಷೇರನ್ನು 245 ರೂಪಾಯಿಗೆ ಸಾರ್ವಜನಿಕರ ಮುಂದಿಟ್ಟಿತು. ದೇಶದ ಕಲ್ಲಿದ್ದಲಿನಲ್ಲಿ ಬಹುಪಾಲು ಅಗೆಯುವ ಕಂಪನಿ, ಸಾಲವಿಲ್ಲ, ಕೈತುಂಬ ನಗದು. ಡಿವಿಡೆಂಡಿಗೆ ಹೇಳಿ ಮಾಡಿಸಿದಂತಿತ್ತು. 2013-14ರಲ್ಲಿ 29 ರೂಪಾಯಿ ಕೊಟ್ಟಿತು, 2015-16ರಲ್ಲಿ 27 ರೂಪಾಯಿ 40 ಪೈಸೆ.

ಅಲ್ಲಿಂದ ಇಳಿಜಾರು. 2016-17ಕ್ಕೆ 19 ರೂಪಾಯಿ 90 ಪೈಸೆ, ಮುಂದೆ 16 ರೂಪಾಯಿ 50 ಪೈಸೆ, 13 ರೂಪಾಯಿ 10 ಪೈಸೆ, 2019-20ಕ್ಕೆ 12 ರೂಪಾಯಿ. ಈ ದುಡ್ಡನ್ನೇ ನಂಬಿ ಕೂತವರ ಆದಾಯ ನಾಲ್ಕು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಹೋಯಿತು. ಬೆಲೆಯ ಕಥೆ ಇನ್ನೂ ಬೇಸರದ್ದು. ಸರ್ಕಾರ ಕಂತು ಕಂತಾಗಿ ತನ್ನ ಪಾಲು ಮಾರುತ್ತಲೇ ಇತ್ತು, ಕಲ್ಲಿದ್ದಲೆಂದರೆ ಮೂಗು ಮುರಿಯುವ ವಿದೇಶಿ ಫಂಡುಗಳು ಹೊರನಡೆದವು, ಮೇಲಿಂದ ಕೊರೊನಾ. 2020ರ ಅಕ್ಟೋಬರ್‌ನಲ್ಲಿ, ಅಂದರೆ ಸರಿಯಾಗಿ ಹತ್ತು ವರ್ಷಕ್ಕೆ, ಷೇರು 115ರ ಸುತ್ತ ಬಿದ್ದಿತ್ತು. ಹತ್ತು ವರ್ಷದ ಡಿವಿಡೆಂಡನ್ನೆಲ್ಲ ಕೂಡಿದರೆ ಸುಮಾರು 165 ರೂಪಾಯಿ. ಎರಡೂ ಸೇರಿ 280. 245 ರೂಪಾಯಿ ಹತ್ತು ವರ್ಷದಲ್ಲಿ 280 ಆಯಿತೆಂದರೆ ಅಂಚೆ ಕಚೇರಿಯ ಗುಮಾಸ್ತನೂ ನಕ್ಕಾನು.

ಕಥೆ ಅಲ್ಲಿಗೆ ಮುಗಿಯಲಿಲ್ಲ ಅನ್ನುವುದೇ ಇದರ ವಿಶೇಷ. ಬೇಸಿಗೆಯ ವಿದ್ಯುತ್ ಬೇಡಿಕೆ ಏರಿತು, ಕಲ್ಲಿದ್ದಲಿಗೆ ಮತ್ತೆ ಕಾಲ ಬಂತು. ಡಿವಿಡೆಂಡ್ 2020-21ರಲ್ಲಿ 16, ಮುಂದೆ 17, 24 ರೂಪಾಯಿ 25 ಪೈಸೆ, 25 ರೂಪಾಯಿ 50 ಪೈಸೆ, 2024-25ಕ್ಕೆ 26 ರೂಪಾಯಿ 50 ಪೈಸೆ. ಷೇರು 2024ರ ಆಗಸ್ಟ್‌ನಲ್ಲಿ 540 ಮುಟ್ಟಿ ಬಂತು. 2020ರಲ್ಲಿ 115ಕ್ಕೆ ಕೊಂಡವನಿಗೆ ಐದು ವರ್ಷದ ಡಿವಿಡೆಂಡ್‌ನಲ್ಲೇ ಅಸಲು ಹೆಚ್ಚುಕಡಿಮೆ ವಾಪಸಾಯಿತು.

ಅದೇ ಕಂಪನಿ, ಅದೇ ಗಣಿ. ಆದಾಯಕ್ಕೆಂದು ಕೊಂಡವನ ಬದುಕು ಮಾತ್ರ ಯಾವ ಬೆಲೆಗೆ ಕೊಂಡ ಎಂಬುದರ ಮೇಲೆ ನಿಂತಿತ್ತು. ಜೊತೆಗೆ ಇನ್ನೊಂದನ್ನು ಗಮನಿಸಬೇಕು. ಕಲ್ಲಿದ್ದಲು, ಉಕ್ಕು, ಸತು, ಕಚ್ಚಾ ತೈಲ ಇವೆಲ್ಲ ಏರಿಳಿತದ ಸರಕುಗಳು. ಇವುಗಳ ಡಿವಿಡೆಂಡ್ ಇಳುವರಿ ಪಟ್ಟಿಯ ಮೇಲ್ಗಡೆ ಕಾಣುವುದು ಸಾಮಾನ್ಯವಾಗಿ ಲಾಭ ಶಿಖರದಲ್ಲಿದ್ದಾಗ, ಇಲ್ಲವೇ ಬೆಲೆ ಪಾತಾಳದಲ್ಲಿದ್ದಾಗ. ಮೊದಲನೆಯದು ಬಲೆ, ಎರಡನೆಯದು ಅವಕಾಶ. ಪಟ್ಟಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಸರ್ಕಾರಿ ಕಂಪನಿಗಳ ವಿಷಯದಲ್ಲಿ ಒಂದು ಧೈರ್ಯ ಉಂಟು. ನಿವ್ವಳ ಲಾಭದ ಶೇ 30 ಅಥವಾ ನಿವ್ವಳ ಸಂಪತ್ತಿನ ಶೇ 4, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಡಿವಿಡೆಂಡಾಗಿ ಕೊಡಬೇಕೆಂದು ಕೇಂದ್ರ ಸರ್ಕಾರದ ಸೂಚನೆಯಿದೆ. 2016ರಲ್ಲಿ ಇದು ಶೇ 5 ಇತ್ತು, 2024ರ ನವೆಂಬರ್‌ನಲ್ಲಿ 4ಕ್ಕೆ ತಂದರು. ಬಜೆಟ್ಟಿನ ಕೊರತೆ ತುಂಬಲು ಸರ್ಕಾರಕ್ಕೂ ಈ ದುಡ್ಡು ಬೇಕು. ದೊಡ್ಡ ಷೇರುದಾರನಿಗೆ ಹಣದ ಹಸಿವಿದ್ದರೆ ಸಣ್ಣವನ ತಟ್ಟೆಗೂ ಬೀಳುತ್ತದೆ. ಆದರೆ ವೇದಾಂತದಲ್ಲಿ ನಡೆದದ್ದೂ ಇದೇ ಅಲ್ಲವೇ? ಹಸಿವು ದುಡಿಮೆಯ ಮಿತಿಯೊಳಗಿದ್ದರೆ ಸರಿ.

ವಾರ್ಷಿಕ ವರದಿಯ ಆ ಒಂದು ಪುಟ

ಮುನ್ನೂರು ಪುಟದ ವಾರ್ಷಿಕ ವರದಿಯಲ್ಲಿ ಅಧ್ಯಕ್ಷರ ಬಣ್ಣದ ಫೋಟೊ, ಗಿಡ ನೆಟ್ಟ ಚಿತ್ರ ಇವನ್ನೆಲ್ಲ ದಾಟಿ ನಗದು ಹರಿವಿನ ಪಟ್ಟಿಯಿರುವ ಪುಟಕ್ಕೆ ಬನ್ನಿ. ಕಂಪನಿಯ ಜಾಲತಾಣದಲ್ಲೂ ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲೂ ಇದು ಪುಕ್ಕಟೆ ಸಿಗುತ್ತದೆ. ಪಟ್ಟಿಯಲ್ಲಿ ಮೂರು ಭಾಗ. ವ್ಯಾಪಾರದಿಂದ ಬಂದ ನಗದು ಮೇಲೆ, ಯಂತ್ರ-ಕಟ್ಟಡಗಳಿಗೆ ಹಾಕಿದ್ದು ನಡುವೆ, ಸಾಲ ತಂದದ್ದು-ತೀರಿಸಿದ್ದು ಮತ್ತು ಡಿವಿಡೆಂಡ್ ಕೊಟ್ಟದ್ದು ಕೆಳಗೆ.

ಲೆಕ್ಕ ಕಷ್ಟವೇನಲ್ಲ. ವ್ಯಾಪಾರದಿಂದ 1,000 ಕೋಟಿ ಬಂದು, ಯಂತ್ರಗಳಿಗೆ 350 ಕೋಟಿ ಹೋದರೆ ಉಳಿದದ್ದು 650. ಡಿವಿಡೆಂಡ್ 400 ಕೋಟಿಯಾದರೆ ಕಂಪನಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು, ನೀವೂ ಮಾಡಬಹುದು. ಡಿವಿಡೆಂಡ್ 800 ಎಂದಿದ್ದರೆ ಮಿಕ್ಕ 150 ಕೋಟಿ ಎಲ್ಲಿಂದ ಬಂತೆಂದು ಕೆಳಗಿನ ಭಾಗದಲ್ಲೇ ಹುಡುಕಿ. 'ಸಾಲ ಪಡೆದದ್ದು' ಎಂಬ ಸಾಲಿನಲ್ಲಿ ಸಿಕ್ಕರೆ ಎಚ್ಚರ. ಹಿಂದಿನ ವರ್ಷಗಳ ಉಳಿತಾಯ ಕರಗಿಸಿ ಕೊಟ್ಟಿದ್ದರೆ ಕಾನೂನಿನ ತಕರಾರಿಲ್ಲ, ಕಂಪನಿ ಕಾಯ್ದೆ ಷರತ್ತಿನ ಮೇಲೆ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು.

ವಿಶೇಷ ಡಿವಿಡೆಂಡ್ ಎಂದು ಬರುತ್ತದಲ್ಲ, ಅದನ್ನು ಸರಾಸರಿಯಿಂದ ಹೊರಗಿಡಿ. ಜಾಗ ಮಾರಿಯೋ ಅಂಗಸಂಸ್ಥೆ ಮಾರಿಯೋ ಬಂದ ಹಣವನ್ನು ಒಮ್ಮೆ ಹಂಚಿರುತ್ತಾರೆ. ಅಡಿಕೆ ತೋಟದ ಫಸಲೇ ಬೇರೆ, ಬದಿಯ ಹಲಸಿನ ಮರ ಕಡಿದು ನಾಟಾ ಮಾರಿದ ದುಡ್ಡೇ ಬೇರೆ. ಇಳುವರಿ ಪಟ್ಟಿ ತಯಾರಿಸುವ ಗಣಕಯಂತ್ರಕ್ಕೆ ಈ ಭೇದ ಗೊತ್ತಿಲ್ಲ.

ಒಂದು ವರ್ಷದ ಪುಟ ಸಾಲದು, ಹತ್ತು ವರ್ಷದ್ದು ನೋಡಬೇಕು. ಅದರಲ್ಲೂ 2020-21 ಇರಬೇಕು, ಸಾಧ್ಯವಾದರೆ 2008-09 ಕೂಡ. ಎಲ್ಲರೂ ಚೆನ್ನಾಗಿದ್ದಾಗ ಡಿವಿಡೆಂಡ್ ಕೊಡುವುದು ದೊಡ್ಡ ಸಂಗತಿಯೇನಲ್ಲ.

ಯಾವ ಬಗೆಯ ವ್ಯಾಪಾರ?

ಪವರ್ ಗ್ರಿಡ್ ಕಂಪನಿಯನ್ನು ನೋಡಿ. ಒಡಿಶಾದ ತಾಲ್ಚೇರಿನಿಂದ ನಮ್ಮ ಕೋಲಾರದವರೆಗೆ ವಿದ್ಯುತ್ ಹೊತ್ತು ತರುವ 500 ಕಿಲೋವೋಲ್ಟಿನ ಲೈನು ಅದರದ್ದೇ. ಕೋಲಾರದ ಕಡೆ ಹೋದವರು ಆ ಎತ್ತರದ ಕಂಬಗಳನ್ನು ನೋಡಿರುತ್ತಾರೆ. ಇಂಥ ಲೈನುಗಳ ಮೇಲೆ ಹಾಕಿದ ಸ್ವಂತ ಬಂಡವಾಳಕ್ಕೆ ಎಷ್ಟು ಪ್ರತಿಫಲ ಎಂಬುದನ್ನು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವೇ ಗೊತ್ತುಮಾಡುತ್ತದೆ. ಹಳೆಯ ಲೈನುಗಳಿಗೆ ಅದು ಶೇ 15.5. ಮಳೆ ಬರಲಿ ಬಿಡಲಿ, ಚುನಾವಣೆ ನಡೆಯಲಿ ಬಿಡಲಿ, ಲೈನು ಸುಸ್ಥಿತಿಯಲ್ಲಿದ್ದರೆ ಹಣ ಬರುತ್ತದೆ. ಆದಾಯ ಬಯಸುವವರಿಗೆ ಇಂಥ ನೀರಸ ವ್ಯಾಪಾರವೇ ಹಿತ. ಹಾಗಂತ ಇದೂ ಒಂದೇ ಗತಿಯಲ್ಲಿ ಏರುವುದಿಲ್ಲ. 2023-24ರಲ್ಲಿ 11 ರೂಪಾಯಿ 25 ಪೈಸೆ ಕೊಟ್ಟದ್ದು ಮರುವರ್ಷ 9 ರೂಪಾಯಿಗೆ ಇಳಿಯಿತು. ಹೊಸ ಲೈನುಗಳ ಕೆಲಸಕ್ಕೆ ಬಂಡವಾಳ ಬೇಕಾದಾಗ ಹಂಚುವುದು ತಗ್ಗುತ್ತದೆ. ಇಂಥ ಇಳಿಕೆಗೆ ಹೆದರಬೇಕಿಲ್ಲ, ಕಾರಣ ಕಣ್ಣಿಗೆ ಕಾಣುತ್ತದೆ.

ಐಟಿಸಿಯದ್ದು ಬೇರೆ ಜಾಯಮಾನ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರಿಗೆ ಚಿರಪರಿಚಿತ ಹೆಸರು. 2013ರಿಂದ 2021ರವರೆಗೆ ಈ ಷೇರು ಅತ್ತ ಇತ್ತ ತೂಗಿ ಕೊನೆಗೆ ನಿಂತಲ್ಲೇ ನಿಂತಿತ್ತು. ಹಾಸ್ಯದ ಚಿತ್ರಗಳ ವಸ್ತುವೇ ಆಗಿಹೋಯಿತು. ಡಿವಿಡೆಂಡ್ ನೋಡಿ: ನಡುವೆ ಕೊಟ್ಟ ಬೋನಸ್ ಷೇರಿನ ಲೆಕ್ಕ ಸರಿಹೊಂದಿಸಿದರೆ 2013-14ರಲ್ಲಿ 4 ರೂಪಾಯಿ, 2019-20ರಲ್ಲಿ 10 ರೂಪಾಯಿ 15 ಪೈಸೆ, 2024-25ರಲ್ಲಿ 14 ರೂಪಾಯಿ 35 ಪೈಸೆ. ಬೆಲೆ ನೋಡುತ್ತ ಕೂತವರು ಬೇಸತ್ತು ಮಾರಿ ಹೋದರು, ಪಾಸ್‌ಬುಕ್ ನೋಡುತ್ತ ಕೂತವರು ಉಳಿದರು. 2019-20ರ ಜಿಗಿತಕ್ಕೆ ತೆರಿಗೆ ಬದಲಾವಣೆಯದ್ದೂ ಕೊಡುಗೆ ಇದೆ, ಅದಕ್ಕೆ ಆಮೇಲೆ ಬರೋಣ. ಸಿಗರೇಟಿನ ದುಡ್ಡು ಬೇಡ ಅನ್ನುವವರ ಮಾತಿಗೆ ನನ್ನ ಪೂರ್ತಿ ಗೌರವವಿದೆ. ಬೇಡ ಅನ್ನದವರೂ ಒಂದು ನೆನಪಿಡಬೇಕು, ಹೊಗೆಸೊಪ್ಪಿನ ಮೇಲೆ ಸರ್ಕಾರ ಯಾವತ್ತು ಎಷ್ಟು ತೆರಿಗೆ ಏರಿಸುತ್ತದೋ ಹೇಳಲಾಗದು.

ಬ್ಯಾಂಕುಗಳ ವಿಷಯ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್, ಐದೂ ಹುಟ್ಟಿದ್ದು ದಕ್ಷಿಣ ಕನ್ನಡ-ಉಡುಪಿಯ ಮಣ್ಣಿನಲ್ಲಿ. ಬ್ಯಾಂಕ್ ಎಷ್ಟೇ ಗಟ್ಟಿಯಿರಲಿ, ಡಿವಿಡೆಂಡ್ ಕೊಡುವ ತೀರ್ಮಾನ ಅದೊಂದರ ಕೈಯಲ್ಲಿಲ್ಲ. 2020ರ ಏಪ್ರಿಲ್‌ನಲ್ಲಿ ಕೊರೊನಾ ಕಾರಣಕ್ಕೆ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿ, 2019-20ರ ಲಾಭದಿಂದ ಯಾವ ಬ್ಯಾಂಕೂ ಇನ್ನು ಡಿವಿಡೆಂಡ್ ಕೊಡಕೂಡದು ಎಂದಿತು. ಮರುವರ್ಷವೂ ಮಾಮೂಲಿ ಮಿತಿಯ ಅರ್ಧಕ್ಕೆ ಕಟ್ಟುಹಾಕಿತು. 2020ರಲ್ಲಿ ಬ್ಯಾಂಕ್ ಷೇರುಗಳನ್ನೇ ನಂಬಿದ ಮನೆಗೆ ಆಷಾಢದಲ್ಲೂ ಬರಲಿಲ್ಲ, ಶ್ರಾವಣದಲ್ಲೂ ಬರಲಿಲ್ಲ. ಸುಸ್ತಿ ಸಾಲದ ಕಾಟ ಇನ್ನೊಂದು. 2017-18ರಲ್ಲಿ 4,222 ಕೋಟಿ ನಷ್ಟ ತೋರಿಸಿದ ಕೆನರಾ ಬ್ಯಾಂಕ್ ಮತ್ತೆ ಡಿವಿಡೆಂಡ್ ಕೊಟ್ಟದ್ದು 2021-22ರ ಲಾಭದಿಂದ. ಈಚೆಗೆ ಸರ್ಕಾರಿ ಬ್ಯಾಂಕುಗಳು ಉದಾರವಾಗಿ ಕೊಡುತ್ತಿವೆ, ಸಂತೋಷ. ಆದರೆ ನಿಮ್ಮ ಆದಾಯದ ಕಾಲು ಭಾಗಕ್ಕಿಂತ ಹೆಚ್ಚು ಇಲ್ಲಿಂದ ಬರುವಂತೆ ಮಾಡಿಕೊಳ್ಳಬೇಡಿ.

ಇನ್ನು ಇನ್ಫೊಸಿಸ್. 1993ರಲ್ಲಿ 95 ರೂಪಾಯಿಗೆ ನೂರು ಷೇರು ಕೊಂಡು ಮರೆತವನ ಕಥೆ ಬೆಂಗಳೂರಿನಲ್ಲಿ ಕೇಳದವರಿಲ್ಲ. ಬೋನಸ್ಸು, ವಿಭಜನೆ ಎಲ್ಲ ಸೇರಿ ಆ ನೂರು 1,02,400 ಷೇರುಗಳಾದವು. 2024-25ರಲ್ಲಿ ಷೇರಿಗೆ 43 ರೂಪಾಯಿಯಂತೆ ಅವನಿಗೆ ಬಂದ ಡಿವಿಡೆಂಡ್ 44 ಲಕ್ಷ, ಹಾಕಿದ್ದು 9,500! ಕಥೆ ಸುಳ್ಳಲ್ಲ. ಆದರೆ ಅದನ್ನು ಡಿವಿಡೆಂಡ್ ಷೇರಿನ ಉದಾಹರಣೆಯಾಗಿ ಹೇಳುವುದು ತಪ್ಪು. 1993ರಲ್ಲಿ ಆದಾಯ ಹುಡುಕುತ್ತಿದ್ದವನು ಇದನ್ನು ಕೊಳ್ಳುತ್ತಲೇ ಇರಲಿಲ್ಲ. ಆ ವಿತರಣೆಗೆ ಪೂರ್ತಿ ಅರ್ಜಿಗಳೇ ಬಂದಿರಲಿಲ್ಲ. ಗಳಿಸಿದ್ದನ್ನು ಹಂಚದೆ ವ್ಯಾಪಾರಕ್ಕೇ ಹಾಕಿದ್ದರಿಂದ ಅದು ಬೆಳೆಯಿತು. ಬೆಳೆದು ಹಣ ಉಕ್ಕತೊಡಗಿದ ಮೇಲೆ, ಐದು ವರ್ಷದ ಅವಧಿಯಲ್ಲಿ ಉಳಿಕೆ ನಗದಿನ ಶೇ 85ರಷ್ಟನ್ನು ಡಿವಿಡೆಂಡ್ ಮತ್ತು ಷೇರು ಮರುಖರೀದಿಯ ರೂಪದಲ್ಲಿ ಹಿಂದಿರುಗಿಸುವ ನೀತಿಗೆ ಬಂತು. ಒಳ್ಳೆಯ ಅವಕಾಶವಿರುವ ಎಳೆಯ ಕಂಪನಿ ಲಾಭವನ್ನೆಲ್ಲ ಹಂಚುತ್ತಿದ್ದರೆ ನನಗೆ ಅನುಮಾನವೇ ಹುಟ್ಟುತ್ತದೆ.

ಕಟ್ಟಡ-ಲೈನುಗಳ ಟ್ರಸ್ಟುಗಳ ಬಗ್ಗೆ ಎರಡು ಮಾತು. 2019ರಲ್ಲಿ 300 ರೂಪಾಯಿಗೆ ಪೇಟೆಗೆ ಬಂದ ಎಂಬೆಸಿ ಆಫೀಸ್ ಪಾರ್ಕ್ಸ್ ದೇಶದ ಮೊದಲ ಕಟ್ಟಡಗಳ ಟ್ರಸ್ಟು. ಬೆಂಗಳೂರಿನ ಮಾನ್ಯತಾ ಪಾರ್ಕಿನ ಬಾಡಿಗೆ ಇದರ ಮೂಲಕವೇ ಹಂಚಿಕೆಯಾಗುತ್ತದೆ. ಹಂಚಬಹುದಾದ ನಗದಿನಲ್ಲಿ ಶೇ 90 ಕೊಡಲೇಬೇಕೆಂಬ ನಿಯಮವಿರುವುದರಿಂದ ಇಳುವರಿ ಷೇರುಗಳಿಗಿಂತ ಹೆಚ್ಚು. ಆದರೆ ಬಂದ ಹಣದಲ್ಲಿ ಬಡ್ಡಿ ಎಷ್ಟು, ಡಿವಿಡೆಂಡ್ ಎಷ್ಟು, ನಿಮ್ಮದೇ ಅಸಲು ಎಷ್ಟು ಎಂದು ಬಿಡಿಸಿ ನೋಡಬೇಕು. 2021ರಲ್ಲಿ 100 ರೂಪಾಯಿಗೆ ಬಂದ ಪವರ್‌ಗ್ರಿಡ್ ಟ್ರಸ್ಟು ವರ್ಷಕ್ಕೆ 12 ರೂಪಾಯಿಯಂತೆ ಹಂಚುತ್ತಿದ್ದರೂ ಅದರ ಬೆಲೆ ನೂರರಿಂದ ಕೆಳಗಿಳಿದದ್ದು ಸುಮ್ಮನೆ ಅಲ್ಲ.

ತೆರಿಗೆಯವನ ಪಾಲು

2020ರ ಮಾರ್ಚ್ ತನಕ ಡಿವಿಡೆಂಡ್ ಹಂಚಿಕೆ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ಸಾಮಾನ್ಯ ಷೇರುದಾರ ಬಂದದ್ದನ್ನು ಪೂರ್ತಿ ಜೇಬಿಗಿಳಿಸುತ್ತಿದ್ದ. 2020ರ ಏಪ್ರಿಲ್‌ನಿಂದ ಅದು ಹೋಗಿ, ಡಿವಿಡೆಂಡ್ ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಹಂತದ ದರದಲ್ಲೇ ತೆರಿಗೆಗೆ ಒಳಪಡುತ್ತಿದೆ. ಕಂಪನಿಗೆ ಉಳಿದ ಆ ಹಣದಲ್ಲಿ ಒಂದಿಷ್ಟು ಹೆಚ್ಚಿನ ಡಿವಿಡೆಂಡಾಗಿ ಹರಿಯಿತು. ಐಟಿಸಿಯ ಜಿಗಿತದ ಗುಟ್ಟು ಅದು. ಶೇ 30ರ ಹಂತದಲ್ಲಿರುವ ನೌಕರನಿಗೆ ಶೇ 3ರ ಇಳುವರಿ ಕೈಸೇರುವಾಗ ಶೇ 2 ಚಿಲ್ಲರೆ. ಅವನಿಗೆ ಬೆಳೆಯುವ ಷೇರನ್ನೋ ಮ್ಯೂಚುವಲ್ ಫಂಡನ್ನೋ ಇಟ್ಟುಕೊಂಡು ಬೇಕಾದಾಗ ಸ್ವಲ್ಪ ಸ್ವಲ್ಪ ಮಾರುವುದು ಲಾಭ. ವರ್ಷ ಮೀರಿ ಇಟ್ಟುಕೊಂಡ ಷೇರಿನ ಗಳಿಕೆಗೆ 2024ರ ಜುಲೈ 23ರಿಂದ ಶೇ 12.5 ತೆರಿಗೆ, ಅದೂ ಒಂದೂಕಾಲು ಲಕ್ಷ ದಾಟಿದ ಮೇಲೆ. ಸಲಹೆಗಾರರು ಹೇಳುವ ಈ ಮಾತು ಲೆಕ್ಕದಲ್ಲಿ ಸರಿಯೇ. ಆದರೆ ಪೇಟೆ ಬಿದ್ದ ತಿಂಗಳಲ್ಲಿ ಮಾರಲು ಎಷ್ಟು ಜನರಿಗೆ ಮನಸ್ಸು ಬರುತ್ತದೆ? ಡಿವಿಡೆಂಡಿಗೆ ಆ ತೊಳಲಾಟವಿಲ್ಲ, ಅದಕ್ಕೇ ನಾನು ಅದರ ಪರ.

ನಿವೃತ್ತರ ಸ್ಥಿತಿ ಬೇರೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ ಡಿವಿಡೆಂಡಿಗೂ ತೆರಿಗೆ ಬೀಳುವುದಿಲ್ಲ. ಆದರೂ ಒಂದೇ ಕಂಪನಿಯಿಂದ ವರ್ಷಕ್ಕೆ 10 ಸಾವಿರ ದಾಟಿದರೆ ಶೇ 10 ಮೊದಲೇ ಮುರಿದುಕೊಳ್ಳುತ್ತಾರೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 5 ಸಾವಿರ ಇತ್ತು. ರಿಟರ್ನ್ಸ್ ಸಲ್ಲಿಸಿದರೆ ಮುರಿದದ್ದು ವಾಪಸು ಬರುತ್ತದೆ, ಸಲ್ಲಿಸದಿದ್ದರೆ ಇಲ್ಲ.

ನನ್ನ ಸಲಹೆ ಇಷ್ಟು. ಮೂರು ವರ್ಷದ ಮನೆಖರ್ಚನ್ನು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇಟ್ಟ ಮೇಲೆ ಉಳಿದ ಹಣ ಮಾತ್ರ ಇತ್ತ ಬರಲಿ. ಹನ್ನೆರಡು-ಹದಿನೈದು ಕಂಪನಿ ಸಾಕು, ಅವು ಐದಾರು ಬೇರೆ ಬೇರೆ ವ್ಯಾಪಾರದವಾಗಿರಲಿ. ಇಳುವರಿ ಶೇ 2ರಿಂದ 4ರೊಳಗಿರಲಿ. ಶೇ 7-8 ಕಂಡರೆ ಹಿಗ್ಗುವ ಮೊದಲು ಬೆಲೆ ಯಾಕೆ ಬಿದ್ದಿದೆ ಎಂದು ವಿಚಾರಿಸಿ. ದುಡಿಯುವ ವಯಸ್ಸಿನಲ್ಲಿ ಬಂದ ಡಿವಿಡೆಂಡನ್ನು ಹಬ್ಬಕ್ಕೆ ಖರ್ಚು ಮಾಡದೆ ಅದರಲ್ಲೇ ಇನ್ನಷ್ಟು ಷೇರು ಕೊಳ್ಳಿ. ನಮ್ಮಲ್ಲಿ ಇದು ತಾನಾಗಿಯೇ ಆಗುವ ಏರ್ಪಾಡಿಲ್ಲ, ನೀವೇ ಮಾಡಬೇಕು.

ಕೊನೆಯದಾಗಿ ಒಂದು ಕೆಲಸ. ಪಾಸ್‌ಬುಕ್ಕಿನಲ್ಲಿ 'ಎಸಿಎಚ್' ಎಂದು ಶುರುವಾಗಿ ಕಂಪನಿಯ ಹೆಸರಿನ ನಾಲ್ಕೈದು ಅಕ್ಷರ ಮಾತ್ರ ಕಾಣುವ ಸಾಲುಗಳಿರುತ್ತವಲ್ಲ, ಅವನ್ನು ವರ್ಷಕ್ಕೊಮ್ಮೆ ನಿಮ್ಮ ಷೇರುಗಳ ಪಟ್ಟಿಯೊಂದಿಗೆ ತಾಳೆ ನೋಡಿ. ಘೋಷಿಸಿದ ಮೂವತ್ತು ದಿನದೊಳಗೆ ಡಿವಿಡೆಂಡ್ ಬರಬೇಕೆಂಬುದು ಕಾನೂನು. ಏಳು ವರ್ಷ ಯಾರೂ ಕೇಳದಿದ್ದರೆ ಆ ಹಣ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ, ಸತತ ಏಳು ವರ್ಷವೂ ಕೇಳದಿದ್ದರೆ ಷೇರುಗಳೂ ಹಿಂದೆಯೇ ಹೋಗುತ್ತವೆ. ಅಪ್ಪನ ಟ್ರಂಕಿನಲ್ಲಿ ಕಾಗದದ ಷೇರು ಪತ್ರಗಳಿದ್ದರೆ ಅವರ ಪ್ಯಾನ್, ಬ್ಯಾಂಕ್ ಖಾತೆಯ ವಿವರ ದಾಖಲಾಗಿದೆಯೇ ಎಂದು ಈ ವಾರವೇ ವಿಚಾರಿಸಿ. ವಿವರ ಕೊಡದ ಕಾಗದದ ಷೇರುಗಳಿಗೆ 2024ರ ಏಪ್ರಿಲ್‌ನಿಂದ ಡಿವಿಡೆಂಡ್ ತಡೆಹಿಡಿದಿದ್ದಾರೆ. ನಿಮ್ಮ ಡಿಮ್ಯಾಟ್ ಖಾತೆಗೆ ನಾಮಿನಿ ಹೆಸರು ಹಾಕಿಸಿ, ಹಾಕಿಸಿದ್ದನ್ನು ಆ ನಾಮಿನಿಗೂ ತಿಳಿಸಿ.